ನಿಲ್ಲಲೊಲ್ಲದ ಬಾಣ

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಪ್ಪುಹಲಗೆಯ ಮೇಲೆ ಬರೆದ ಕೈ ನನ್ನದು. ನಿವೃತ್ತನಾದ ಮೇಲೆ ಮಗ ಒಂದು ಲ್ಯಾಪ್‌ಟಾಪನ್ನು ತಂದುಕೊಟ್ಟಾಗ ಆ ಕೈಗೆ ಹೊಸ ವಿದ್ಯೆಯನ್ನು ಕಲಿಸಬೇಕಾಯಿತು. ಎರಡು ವರ್ಷ ಯಾವ ತೊಡಕೂ ಇಲ್ಲದೆ ಸಾಗಿತು. ಅನಂತರ ಒಂದು ದಿನ ಪರದೆಯ ಮೇಲಿನ ಬಾಣದ ಗುರುತು ನನ್ನ ಮಾತನ್ನು ಕೇಳದಾಯಿತು. ಬಲಕ್ಕೆ ಎಳೆದರೆ ಮೇಲಕ್ಕೆ ಹಾರುವುದು. ಬೆರಳನ್ನು ಅಲುಗಿಸದೆ ಇಟ್ಟರೂ ನಿಂತಲ್ಲೇ ನಡುಗುವುದು.

ಯಂತ್ರ ಕೆಟ್ಟಿತೆಂದು ನನಗೆ ತೋರಲಿಲ್ಲ. ನನ್ನ ಕೈಯೇ ಕೆಟ್ಟಿತೆಂದು ತೋರಿತು. ನನ್ನ ತಂದೆಯವರಿಗೆ ಅರವತ್ತೈದರ ಸುಮಾರಿಗೆ ಕೈನಡುಕ ಬಂದಿತ್ತು. ಕೊನೆಯ ವರ್ಷಗಳಲ್ಲಿ ಅವರಿಗೆ ಸಹಿ ಹಾಕುವುದೂ ಆಗುತ್ತಿರಲಿಲ್ಲ. ಈ ಸಂದೇಹವನ್ನು ನಾನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಹೀಗೆ ಒಂದು ತಿಂಗಳು ಕಳೆಯಿತು. ಒಂದು ಸಂಜೆ ಬರೆಯುತ್ತಿದ್ದಾಗ ವಿದ್ಯುತ್ತು ಹೋಯಿತು. ಬ್ಯಾಟರಿಯ ಬಲದಿಂದ ಲ್ಯಾಪ್‌ಟಾಪ್ ನಡೆಯುತ್ತಲೇ ಇತ್ತು. ಆಶ್ಚರ್ಯವೆಂದರೆ, ಆ ಕತ್ತಲೆಯಲ್ಲಿ ಬಾಣವು ಸಾಧುವಾಗಿ ನನ್ನ ಬೆರಳನ್ನು ಹಿಂಬಾಲಿಸಿತು. ದೀಪ ಬಂದೊಡನೆ ಮತ್ತೆ ಅದೇ ಕುಣಿತ! ನಾನು ಚಾರ್ಜರಿನ ಪ್ಲಗ್ಗನ್ನು ಕಿತ್ತೆ, ಕುಣಿತ ನಿಂತಿತು. ಸಿಕ್ಕಿಸಿದೆ, ಮೊದಲಾಯಿತು. ನಾಲ್ಕು ಬಾರಿ ಹೀಗೆ ಮಾಡಿದೆ. ನಾಲ್ಕು ಬಾರಿಯೂ ಫಲ ಒಂದೇ. ನಡುಗುವ ಕೈಗೆ ಪ್ಲಗ್ಗಿನ ಹಂಗು ಏಕೆ?

ಹಾಗಾದರೆ ದೋಷವಿರುವುದು ಚಾರ್ಜರಿನಲ್ಲಿಯೋ, ಗೋಡೆಯಲ್ಲಿಯೋ? ಎರಡನ್ನೂ ಒಟ್ಟಿಗೆ ಬದಲಾಯಿಸಿದರೆ ಉತ್ತರ ದೊರೆಯದು. ಅದೇ ಚಾರ್ಜರನ್ನು ನಡುಮನೆಯ ಮೂರು ಪಿನ್ನಿನ ಸಾಕೆಟ್ಟಿಗೆ ಹಾಕಿದೆ. ಬಾಣ ಅಲುಗಲಿಲ್ಲ. ಆಗ ನಾನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದ ಒಂದು ಸಂಗತಿ ನೆನಪಾಯಿತು. ಮೊಮ್ಮಗಳ ಪರೀಕ್ಷೆಯ ಸಲುವಾಗಿ ನನ್ನ ಮೇಜನ್ನು ಹಿಂದಿನ ಕೋಣೆಗೆ ಸಾಗಿಸಿದ್ದುದು ತಿಂಗಳ ಹಿಂದೆಯೇ. ಅಲ್ಲಿರುವುದು ಹಳೆಯ ಕಾಲದ ಎರಡು ರಂಧ್ರಗಳ ಸಾಕೆಟ್ಟು. ನಡುವೆ ಒಂದು ಅಡ್ಯಾಪ್ಟರನ್ನು ಇಟ್ಟು ಮೂರು ಪಿನ್ನಿನ ಪ್ಲಗ್ಗನ್ನು ಅದಕ್ಕೆ ಹೊಂದಿಸಿದ್ದೆ. ಭೂಸಂಪರ್ಕದ ಪಿನ್ನು ಭೂಮಿಯನ್ನು ಮುಟ್ಟುತ್ತಲೇ ಇರಲಿಲ್ಲ. ಗಾರೆಯ ನೆಲದ ಮೇಲೆ ಬರಿಗಾಲಿನಲ್ಲಿ ಕುಳಿತು ಲ್ಯಾಪ್‌ಟಾಪಿನ ಲೋಹದ ಅಂಚಿಗೆ ಮಣಿಕಟ್ಟನ್ನು ಊರಿದಾಗ ಇರುವೆ ಹರಿದಂತಾಗುತ್ತಿತ್ತು. ಅದನ್ನೂ ನಾನು ವಯಸ್ಸಿನ ಲೆಕ್ಕಕ್ಕೇ ಬರೆದಿದ್ದೆ!

ಇದರ ಕಾರಣವನ್ನು ತಿಳಿಯಬೇಕಾದರೆ ನಾವು ಬೆರಳಾಡಿಸುವ ಟಚ್‌ಪ್ಯಾಡಿನ ಒಳಗನ್ನು ನೋಡಬೇಕು. 1964ರಲ್ಲಿ ಅಮೆರಿಕದ ಡಗ್ಲಾಸ್ ಎಂಗೆಲ್‌ಬಾರ್ಟ್ ಯೋಜಿಸಿ ಬಿಲ್ ಇಂಗ್ಲಿಷ್ ನಿರ್ಮಿಸಿದ ಮೊದಲ ಮೌಸ್ ಒಂದು ಮರದ ಪೆಟ್ಟಿಗೆ. ಅದರ ಅಡಿಯಲ್ಲಿದ್ದ ಎರಡು ಚಕ್ರಗಳು ಉರುಳಿ ದಿಕ್ಕನ್ನು ತಿಳಿಸುತ್ತಿದ್ದವು. ಟಚ್‌ಪ್ಯಾಡಿನಲ್ಲಿ ಉರುಳುವುದು ಯಾವುದೂ ಇಲ್ಲ. ಅದರ ಹೊದಿಕೆಯ ಕೆಳಗೆ ಅಡ್ಡಡ್ಡ ಹಾಗೂ ಉದ್ದುದ್ದ ವಾಹಕ ಗೆರೆಗಳು ಚಾಪೆಯ ಹೆಣಿಗೆಯಂತೆ ಹಾಯ್ದಿವೆ. ಅವು ಸಂಧಿಸುವ ಒಂದೊಂದು ಎಡೆಯೂ ಒಂದೊಂದು ಪುಟ್ಟ ಧಾರಕ. ನಮ್ಮ ದೇಹದಲ್ಲಿ ನೀರೂ ಲವಣವೂ ಇರುವುದರಿಂದ ಬೆರಳು ಕೂಡ ವಾಹಕವೇ. ಅದು ಸಮೀಪಿಸಿದಾಗ ಆ ಎಡೆಯ ವಿದ್ಯುದಂಶ ತುಸು ಬದಲಾಗುತ್ತದೆ. ಒಳಗಿನ ನಿಯಂತ್ರಕವು ಸೆಕೆಂಡಿಗೆ ಹಲವಾರು ಬಾರಿ ಈ ಬದಲಾವಣೆಗಳನ್ನು ಅಳೆದು ಬೆರಳಿನ ನಡುವನ್ನು ಲೆಕ್ಕಹಾಕುತ್ತದೆ. ಆ ಬದಲಾವಣೆಯಾದರೂ ಎಷ್ಟು? ಸಾಮಾನ್ಯವಾಗಿ ಒಂದು ಪಿಕೋಫ್ಯಾರಡ್‌ಗಿಂತ ಕಡಿಮೆ. ಎಂದರೆ ಒಂದು ಫ್ಯಾರಡಿನ ಲಕ್ಷ ಕೋಟಿಯಲ್ಲಿ ಒಂದು ಪಾಲೂ ಇಲ್ಲ.

ಚಾರ್ಜರು 230 ವೋಲ್ಟಿನ ವಿದ್ಯುತ್ತನ್ನು ಇಳಿಸಿಕೊಡುವಾಗ ಅದರೊಳಗಿನ ಒಂದು ಸಣ್ಣ ಧಾರಕದ ಮೂಲಕ ಅತ್ಯಲ್ಪ ಪ್ರವಾಹವು ಈಚೆಗೆ ಸೋರುತ್ತದೆ. ಭೂಸಂಪರ್ಕವಿದ್ದರೆ ಅದು ಮಣ್ಣಿಗೆ ಇಳಿದುಹೋಗುತ್ತದೆ. ಇಲ್ಲವಾದರೆ ಲ್ಯಾಪ್‌ಟಾಪಿನ ಮೈಯಲ್ಲೇ ಉಳಿದು, ಮುಟ್ಟಿದವನ ಮೂಲಕ ದಾರಿ ಹುಡುಕುತ್ತದೆ. ಸಂತೆಯ ಗದ್ದಲದಲ್ಲಿ ಪಿಸುಮಾತು ಕೇಳಿಸದಂತೆ, ಈ ಏರಿಳಿತದ ನಡುವೆ ಬೆರಳಿನ ಅಲ್ಪ ಗುರುತು ಕಲಸಿಹೋಗುತ್ತದೆ.

ಕಾರಣ ಯಾವಾಗಲೂ ಇದೇ ಆಗಿರಬೇಕಿಲ್ಲ. ಒದ್ದೆ ಬೆರಳು, ಟಚ್‌ಪ್ಯಾಡಿನ ಮೇಲೆ ಬಿದ್ದ ನೀರ ಹನಿ, ಬರೆಯುವಾಗ ಅರಿವಿಲ್ಲದೆ ತಗಲುವ ಅಂಗೈ ಇವೂ ಬಾಣವನ್ನು ದಿಕ್ಕುಗೆಡಿಸುತ್ತವೆ. ಬೆಳಕಿನ ಮೌಸನ್ನು ಗಾಜಿನ ಮೇಜಿನ ಮೇಲೆ ಇಟ್ಟರೂ ಹಾಗೆಯೇ. ಅದು ಕೆಳಗಿನ ನೆಲೆಯ ಚಿತ್ರಗಳನ್ನು ತೆಗೆಯುತ್ತ ಚಲನೆಯನ್ನು ಅರಿಯುತ್ತದೆ, ಗಾಜಿನಲ್ಲಿ ಅದಕ್ಕೆ ಹಿಡಿಯಲು ಗುರುತು ಸಿಗದು. ಆದರೆ ಒಂದು ಕಾರಣವನ್ನು ಮಾತ್ರ ಹಗುರವಾಗಿ ಎಣಿಸಬಾರದು. ಹಳೆಯ ಲಿಥಿಯಂ ಬ್ಯಾಟರಿಯೊಳಗೆ ಅನಿಲ ತುಂಬಿ ಅದು ಹಪ್ಪಳದಂತೆ ಉಬ್ಬುವುದುಂಟು. ಅದು ಟಚ್‌ಪ್ಯಾಡನ್ನು ಕೆಳಗಿನಿಂದ ಒತ್ತುತ್ತದೆ. ಟಚ್‌ಪ್ಯಾಡು ಎದ್ದು ನಿಂತಿದ್ದರೆ, ಮುಚ್ಚಳ ಸರಿಯಾಗಿ ಕೂರದಿದ್ದರೆ, ಕೂಡಲೇ ಯಂತ್ರವನ್ನು ಆರಿಸಿ ಚಾರ್ಜರನ್ನು ತೆಗೆಯಬೇಕು. ಅದನ್ನು ಚುಚ್ಚುವುದಾಗಲಿ ಅದುಮುವುದಾಗಲಿ ಕೂಡದು, ಬೆಂಕಿ ಹೊತ್ತಿಕೊಂಡೀತು. ಬಲ್ಲವರ ಕೈಗೆ ಒಪ್ಪಿಸಬೇಕು.

ಮರುದಿನ ವಿದ್ಯುತ್ ಕೆಲಸದವನನ್ನು ಕರೆಸಿ ಹಿಂದಿನ ಕೋಣೆಗೆ ಭೂಸಂಪರ್ಕದ ತಂತಿಯನ್ನು ಎಳೆಸಿದೆ. ಗೋಡೆಯ ಕೆಲಸಕ್ಕೆ ನಾನು ಕೈಹಾಕಲಿಲ್ಲ, ನೀವೂ ಹಾಕಬೇಡಿ. ಅಂದು ರಾತ್ರಿ ಊಟದ ಹೊತ್ತಿಗೆ ನನ್ನ ತಿಂಗಳ ಭಯವನ್ನು ಮನೆಯವರಿಗೆ ಹೇಳಿದೆ. ನನ್ನ ಹೆಂಡತಿ ಬಡಿಸುವುದನ್ನು ನಿಲ್ಲಿಸಿ, “ಅದಕ್ಕೋ ನೀವು ಇಷ್ಟು ದಿನ ಕಾಫಿ ಲೋಟವನ್ನು ಎರಡು ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದುದು!” ಎಂದಳು.