ಮಹದಾಯಿ ಕೊಳ್ಳಕ್ಕೆ ಹೋಗುವ ಮುನ್ನ

ಬೆಳಗಾವಿಗೆ ಬರುವ ನೆಂಟರು, ಕಾಲೇಜು ಹುಡುಗರು, ಯಾರನ್ನಾದರೂ ಕಟ್ಟಿಕೊಂಡು ಖಾನಾಪುರದ ಕಾಡಿನ ಕಡೆ ಹೋಗುವುದು ನನಗೆ ರೂಢಿ. ಎಲ್ಲರ ಪ್ರಶ್ನೆ ಒಂದೇ: ಫಾಲ್ಸ್ ಎಲ್ಲಿ? ಉತ್ತರಕ್ಕೆ ಮೊದಲು ನಾನು ಹೇಳುವ ಮಾತುಗಳಿವು.

1. ಫಾಲ್ಸಿಗಿಂತ ಮೊದಲು ನೀರು ಎರಡು ಕಡೆ ಪಾಲಾಗುವ ದಿಬ್ಬ ನೋಡಿ. ಜಾಂಬೋಟಿ ದಾಟಿ ಕಣಕುಂಬಿಯಲ್ಲಿ ನಾನು ಗಾಡಿ ನಿಲ್ಲಿಸುತ್ತೇನೆ. ಮಲಪ್ರಭೆ ಹುಟ್ಟುವುದು ಇಲ್ಲಿ. ಪೂರ್ವಕ್ಕೆ ಹರಿದು, ನವಿಲುತೀರ್ಥ ಹಾಯ್ದು, 304 ಕಿ.ಮೀ. ನಡೆದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಇದೇ ತಾಲ್ಲೂಕಿನ ದೇಗಾಂವದಲ್ಲಿ ಹುಟ್ಟುವ ಮಹದಾಯಿ ಮಾತ್ರ ಪಶ್ಚಿಮದ ಹಾದಿ ಹಿಡಿದು, ಗೋವಾದಲ್ಲಿ ಮಾಂಡವಿಯಾಗಿ ಪಣಜಿ ಬಳಿ ಕಡಲಿಗೆ ಬೀಳುತ್ತಾಳೆ. ಒಂದೇ ಗುಡ್ಡಸಾಲಿನ ಮಳೆ ಎರಡು ಕಡಲಿಗೆ ಪಾಲಾಗುತ್ತದೆ. ಪೂರ್ವದವಳಿಗೆ ಉದ್ದದ ಇಳಿಜಾರು, ಅವಸರವಿಲ್ಲ. ಪಶ್ಚಿಮದವಳು ಸಹ್ಯಾದ್ರಿಯ ಎತ್ತರವನ್ನೆಲ್ಲ ಸ್ವಲ್ಪ ದೂರದಲ್ಲೇ ಇಳಿದು ಮುಗಿಸಬೇಕು. ಆ ರಭಸಕ್ಕೇ ಕಲ್ಲು ಕೊರೆದು ಕೊಳ್ಳವಾದದ್ದು. ಇಷ್ಟು ತಿಳಿದು ಮುಂದೆ ಹೋದವರಿಗೆ ಕೊಳ್ಳ ಬೇರೆಯೇ ಕಾಣುತ್ತದೆ.

2. ಜುಲೈ ಬೇಡ. ಇದೇ ಕಾಡಿನ ಆಮಗಾಂವದಲ್ಲಿ 2010ರಲ್ಲಿ 10,000 ಮಿ.ಮೀ. ಮೀರಿ ಮಳೆ ಬಿದ್ದಿತ್ತು. ಮಳೆಗಾಲದಲ್ಲಿ ಈ ಕಾಡಿನ ಜಲಪಾತಗಳಿಗೆ ಅರಣ್ಯ ಇಲಾಖೆ ಪ್ರವೇಶ ನಿರ್ಬಂಧಿಸಿದ್ದುಂಟು. ರೀಲ್ಸ್ ಮಾಡುವವರಿಗೆ ಸಿಟ್ಟು ಬರುತ್ತದೆ, ಬರಲಿ.

3. ಹಳ್ಳದ ನೀರಿನ ಬಣ್ಣದ ಮೇಲೆ ಕಣ್ಣಿರಲಿ. ತಿಳಿಯಾಗಿದ್ದದ್ದು ಕೆಂಪಗಾಗಿ, ಮೇಲೆ ಒಣ ಎಲೆ, ಕಡ್ಡಿ, ನೊರೆ ತೇಲತೊಡಗಿತೆಂದರೆ ಮೇಲ್ಗಡೆ ಮಳೆ ಹೊಡೆದಿದೆ. ನಿಮ್ಮ ತಲೆ ಮೇಲೆ ಬಿಸಿಲಿದ್ದರೂ ಸರಿ, ತಕ್ಷಣ ಎತ್ತರದ ದಂಡೆಗೆ ಬನ್ನಿ. ಆಚೆ ದಡದಲ್ಲಿ ಬಿಟ್ಟ ಊಟದ ಡಬ್ಬಿ ಆಚೆಯೇ ಇರಲಿ.

4. ವಜ್ರಪೋಹ ಜಲಪಾತಕ್ಕೆ ಹೋಗುವುದಾದರೆ ಅನುಮತಿ ಮೊದಲು. ಈ ಕಾಡು 2011ರಿಂದ ಭೀಮಗಡ ವನ್ಯಜೀವಿ ಧಾಮ. ಈ ಕಾಡಿನ ಬಾರಾಪೇಡೆ ಗುಹೆಯ ಬಗ್ಗೆ ಆಸೆಯೇ ಬೇಡ. ಅಲ್ಲಿರುವ ರೌಟನ್ ಬಾವಲಿಯನ್ನು ವಿಜ್ಞಾನಿಗಳು 1913ರಲ್ಲಿ ದಾಖಲಿಸಿದರು. ಬಹುಕಾಲ ಜಗತ್ತಿನಲ್ಲಿ ಇದೊಂದೇ ನೆಲೆ ಎಂದುಕೊಂಡಿದ್ದರು, ಆಮೇಲೆ ಮೇಘಾಲಯದಲ್ಲೂ ಕಾಂಬೋಡಿಯಾದಲ್ಲೂ ಸಿಕ್ಕಿತು. ಟಾರ್ಚು ಹಿಡಿದು ನುಗ್ಗುವವರಿಗೆ ಒಂದು ಫೋಟೊ ಸಿಗಬಹುದು, ಮರಿ ಹೊತ್ತ ಬಾವಲಿಗಳಿಗೆ ಗುಹೆ ತಪ್ಪುತ್ತದೆ.

5. ಇತಿಹಾಸವನ್ನು ಕೋಟೆಗೆ ಮುಗಿಸಬೇಡಿ. ಭೀಮಗಡದ ಕೋಟೆ ಶಿವಾಜಿಯ ಕಾಲದ್ದು, ಸುತ್ತಲಿನ ಕಡಿದಾದ ಬಂಡೆಯೇ ಅದರ ಅರ್ಧ ಗೋಡೆ. ಗೋವಾದ ಪೋರ್ಚುಗೀಸರ ಮೇಲೆ ಕಣ್ಣಿಡಲು ಇದಕ್ಕಿಂತ ಒಳ್ಳೆಯ ಜಾಗ ಬೇಕೆ? ಆದರೆ ನಾನು ಹೆಚ್ಚು ಹೊತ್ತು ನಿಲ್ಲುವುದು ಕಣಕುಂಬಿಯಲ್ಲಿ ತೋಡಿದ ಕಳಸಾ ನಾಲೆಯ ಬಳಿ. ಮಹದಾಯಿಯ ನೀರನ್ನು ದಿಬ್ಬದ ಈಚೆ ಮಲಪ್ರಭೆಗೆ ತರುವ ಆ ಯೋಜನೆಗಾಗಿ ಕರ್ನಾಟಕ, ಗೋವಾ ಎರಡೂ ಕೋರ್ಟು ಹತ್ತಿದವು. 2010ರಲ್ಲಿ ನ್ಯಾಯಮಂಡಳಿ ರಚನೆಯಾಗಿ, 2018ರಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಎಂದು ತೀರ್ಪಾಯಿತು. ಅದರಲ್ಲಿ ಕಳಸಾ-ಬಂಡೂರಿ ಎಂಬ ಈ ಯೋಜನೆಗೆ 3.9. ನರಗುಂದ, ನವಲಗುಂದದ ರೈತರು ವರ್ಷಗಟ್ಟಲೆ ಧರಣಿ ಕೂತದ್ದು ಈ ನೀರಿಗೇ. ಕಾಡು ಉಳಿಯಬೇಕೆನ್ನುವವರ ವಾದವೂ ಸುಳ್ಳಲ್ಲ. ನಾಲೆಯ ಅಂಚಿನಲ್ಲಿ ನಿಂತಾಗ ನನಗೆ ಯಾವ ಕಡೆಗೂ ಸುಲಭವಾಗಿ ವಾಲಲು ಆಗುವುದಿಲ್ಲ.

6. ಊರವರನ್ನು ಕೇಳಿ ನಡೆಯಿರಿ. ಗವಳಿ, ಆಮಗಾಂವದ ಕಡೆ ಮನೆಮಾತು ಮರಾಠಿ, ಕೊಂಕಣಿ. ಕಾಕಾ ಎಂದು ಕರೆದರೆ ಕನ್ನಡದಲ್ಲೇ ದಾರಿ ಹೇಳುತ್ತಾರೆ. ಕರಡಿ ಯಾವ ಕಡೆ ಓಡಾಡಿದೆ ಎಂಬುದು ಗೂಗಲ್ ಮ್ಯಾಪಿಗೆ ಗೊತ್ತಿಲ್ಲ. ಮಳೆಗಾಲದಲ್ಲಿ ಕಾಯಿಲೆಯವರನ್ನು ಹೊತ್ತು ಹಳ್ಳ ದಾಟಿಸುವ ಊರುಗಳಿವು. ತಳೇವಾಡಿಯ ಕೆಲವು ಕುಟುಂಬಗಳು 2025ರಲ್ಲಿ ಪರಿಹಾರ ಪಡೆದು ಕಾಡಿನಿಂದ ಹೊರಬರಲು ಒಪ್ಪಿದವು. ಉಳಿದ ಊರುಗಳಲ್ಲಿ ಆ ಮಾತು ಇನ್ನೂ ನಡೆದಿದೆ. ಅಲ್ಲಿ ಕೂತು ಕಾಡಿನ ಬದುಕು ಎಷ್ಟು ಚೆಂದ ಎನ್ನಬೇಡಿ.