ಪಿಯಾನೊ ಹಿಂದೆ ಸಿಕ್ಕಿಕೊಂಡ ದನಿ

ಪ್ರಶ್ನೆ: ಬೀಟಲ್ಸ್ ತಂಡದ ‘ನೌ ಆ್ಯಂಡ್ ದೆನ್’ ಹಾಡನ್ನು ತೀರಿಹೋದ ಜಾನ್ ಲೆನನ್ ದನಿಯಲ್ಲಿ ಕಂಪ್ಯೂಟರೇ ಹಾಡಿತಂತೆ, ನಿಜವೇ? ನಮ್ಮಜ್ಜ ಹಾಡಿದ ತತ್ವಪದಗಳ ಕ್ಯಾಸೆಟ್ಟೊಂದು ಮನೆಯಲ್ಲಿದೆ. ಹಾರ್ಮೋನಿಯಂ ಅಬ್ಬರದಲ್ಲಿ ಅವರ ದನಿ ಮುಚ್ಚಿಹೋಗಿದೆ. ಅದನ್ನೂ ಬಿಡಿಸಬಹುದೇ?
— ಓದುಗರೊಬ್ಬರು, ದೊಡವಾಡ

ಉತ್ತರ: ಕಂಪ್ಯೂಟರ್ ಹಾಡಿಲ್ಲ, ಲೆನನ್ನರೇ ಹಾಡಿದ್ದು. 1970ರ ದಶಕದ ಕೊನೆಯಲ್ಲಿ ನ್ಯೂಯಾರ್ಕಿನ ಮನೆಯಲ್ಲಿ ಪಿಯಾನೊ ನುಡಿಸುತ್ತ ಸಾದಾ ಕ್ಯಾಸೆಟ್ಟಿಗೆ ತುಂಬಿಟ್ಟಿದ್ದರು. 1980ರಲ್ಲಿ ಅವರ ಕೊಲೆಯಾಯಿತು. ಪತ್ನಿ ಯೊಕೊ ಓನೊ 1994ರಲ್ಲಿ ಆ ಕ್ಯಾಸೆಟ್ಟುಗಳನ್ನು ಪಾಲ್ ಮೆಕಾರ್ಟ್ನಿಗೆ ಕೊಟ್ಟರು. ತಂಡದ ಉಳಿದ ಮೂವರು — ಪಾಲ್, ಜಾರ್ಜ್ ಹ್ಯಾರಿಸನ್, ರಿಂಗೊ ಸ್ಟಾರ್ — ಸೇರಿ ಅವುಗಳಲ್ಲಿನ ಎರಡು ಹಾಡು ಮುಗಿಸಿದರು. 1995ರಲ್ಲಿ ‘ನೌ ಆ್ಯಂಡ್ ದೆನ್’ ಅನ್ನೂ ಕೈಗೆತ್ತಿಕೊಂಡು, ಅರ್ಧಕ್ಕೇ ಬಿಟ್ಟರು.

ಕ್ಯಾಸೆಟ್ಟಿನಲ್ಲಿ ಕರೆಂಟಿನ ಗುಂಯ್ ಸದ್ದಿತ್ತು. ಅಮೆರಿಕದ ಕರೆಂಟಿನದು 60 ಹರ್ಟ್ಸ್, ನಮ್ಮದು 50. ಅದರ ಜಾಗ ಗೊತ್ತಿರುವುದರಿಂದ ಫಿಲ್ಟರ್ ಹಾಕಿ ಒಂದಿಷ್ಟು ತಗ್ಗಿಸಬಹುದು. ಪಿಯಾನೊ ಹಾಗಲ್ಲ. ದನಿ ಓಡಾಡುವ ಜಾಗದಲ್ಲೇ ಅದೂ ಓಡಾಡುತ್ತದೆ, ಒಂದನ್ನು ಕತ್ತರಿಸಿದರೆ ಇನ್ನೊಂದಕ್ಕೂ ಗಾಯ. ಮೇಲಾಗಿ ಜಾರ್ಜ್ ಹ್ಯಾರಿಸನ್‌ಗೆ ಆ ಕೆಲಸ ಹಿಡಿಸಲಿಲ್ಲ. 2001ರಲ್ಲಿ ಅವರೂ ತೀರಿಕೊಂಡರು.

ದಾರಿ ತೆರೆದವರು ಸಿನಿಮಾದವರು. ಬೀಟಲ್ಸ್ ಕುರಿತ 2021ರ ‘ಗೆಟ್ ಬ್ಯಾಕ್’ ಸಾಕ್ಷ್ಯಚಿತ್ರಕ್ಕಾಗಿ ನಿರ್ದೇಶಕ ಪೀಟರ್ ಜಾಕ್ಸನ್ ತಂಡ, ಒಂದೇ ಟ್ರ್ಯಾಕಿನಲ್ಲಿ ಕಲಸಿಹೋದ ಮಾತು, ಗಿಟಾರು, ಡ್ರಮ್ಮುಗಳನ್ನು ಬಿಡಿಬಿಡಿಯಾಗಿಸುವ ತಂತ್ರಾಂಶ ಕಟ್ಟಿತ್ತು. ಯಾವ ಸದ್ದು ಹೇಗಿರುತ್ತದೆಂದು ಮೊದಲೇ ಕಲಿತ ತಂತ್ರಾಂಶವದು. ಅದು ಲೆನನ್ ದನಿಯನ್ನು ಪಿಯಾನೊದಿಂದ ಬಿಡಿಸಿಕೊಟ್ಟಿತು. 1995ರಲ್ಲಿ ಜಾರ್ಜ್ ನುಡಿಸಿದ್ದ ಗಿಟಾರ್ ಉಳಿಸಿಕೊಂಡು, ಪಾಲ್ ಮತ್ತು ರಿಂಗೊ ಸ್ಟಾರ್ ಹೊಸದಾಗಿ ನುಡಿಸಿದರು. 2023ರ ನವೆಂಬರ್ 2ರಂದು ಹಾಡು ಹೊರಬಂತು. ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು, 2025ರಲ್ಲಿ ಗ್ರ್ಯಾಮಿಯನ್ನೂ ಗೆದ್ದಿತು.

ನನ್ನ ತಕರಾರು ಕಂಪ್ಯೂಟರಿನ ಮೇಲಲ್ಲ. ಲೆನನ್ ಹಾಡಿದ್ದ ಒಂದು ಭಾಗವನ್ನೇ ಹಾಡಿನಿಂದ ತೆಗೆದುಹಾಕಿದ್ದಾರೆ. ಹಾಡು ಬಿಗಿಯಾಯಿತು, ನಿಜ. ಆದರೆ ಬೇಡವೆನ್ನಲು ಹಾಡಿದವರೇ ಇರಲಿಲ್ಲ.

ಇನ್ನು ನಿಮ್ಮ ಕ್ಯಾಸೆಟ್ಟು. ಟೇಪಿಗೆ ಬಿಳಿ ಬೂಷ್ಟು ಹಿಡಿದಿದ್ದರೆ ಹಚ್ಚಲು ಹೋಗಬೇಡಿ, ತಿಳಿದವರ ಕೈಗೆ ಕೊಡಿ. ಚೆನ್ನಾಗಿದ್ದರೆ, ಹೆಡ್ ಒರೆಸಿದ ಡೆಕ್ಕಿನಲ್ಲಿ ಹಚ್ಚಿ ವೇವ್ ಫೈಲಾಗಿ ತುಂಬಿಸಿಕೊಳ್ಳಿ; ಎಂಪಿ3 ಬೇಡ, ಅದು ಸದ್ದಿನ ಒಂದು ಪಾಲನ್ನು ಎಸೆದುಬಿಡುತ್ತದೆ. ದನಿ ಬಿಡಿಸುವ ತಂತ್ರಾಂಶಗಳು ಈಗ ಪುಕ್ಕಟೆಯಾಗಿಯೂ ಸಿಗುತ್ತವೆ. ಆದರೆ ಅವು ಹೆಚ್ಚಾಗಿ ಪಾಶ್ಚಾತ್ಯ ಹಾಡುಗಳಿಂದ ಕಲಿತವು, ಹಾರ್ಮೋನಿಯಮ್ಮೋ ಹಾಡುವವರ ಬೆನ್ನಿಗೇ ಅಂಟಿಕೊಂಡು ಬರುವ ವಾದ್ಯ. ತಾಳ, ತಬಲಾ ಬೇಗ ಬೇರೆಯಾದಾವು. ಹಾರ್ಮೋನಿಯಂ ಅಲ್ಲಲ್ಲಿ ಉಳಿದೀತು. ಮೊದಲು ತುಂಬಿದ ಫೈಲನ್ನು ಮಾತ್ರ ಅಳಿಸಬೇಡಿ. ಮುಂದೆ ಬರುವ ತಂತ್ರಾಂಶಕ್ಕೆ ಬೇಕಾಗುವುದು ಅದೇ.