ಥಂಡಿ ದಿನಗಳಲ್ಲಿ ಸೈಕಲ್: ಓದುಗರ ಪ್ರಶ್ನೆ, ನಮ್ಮ ಉತ್ತರ

ದೀಪಾವಳಿ ಕಳೆದ ಮೇಲೆ ಬಂದ ಪತ್ರಗಳಲ್ಲಿ ಸೈಕಲ್ಲಿನವೇ ಹೆಚ್ಚು. ಈ ಸಲ ಕೊಪ್ಪಳ ಜಿಲ್ಲೆಯ ಐದು ಪತ್ರಗಳಿಗೆ ಉತ್ತರಿಸಿದ್ದೇನೆ. ಮೊದಲನೆಯದು ಗಂಗಾವತಿಯದಾದರೂ ಅದರ ಚಿಂತೆ ಇರುವುದು ಹಿಮ ಬೀಳುವ ಊರಿನಲ್ಲಿ. ಹಾಗಾಗಿ ಅದಕ್ಕೆ ಸ್ವಲ್ಪ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ಮಗ ಓದಲಿಕ್ಕೆಂದು ಫಿನ್‌ಲೆಂಡಿನ ಔಲು ನಗರಕ್ಕೆ ಹೋಗಿ ನಾಲ್ಕು ತಿಂಗಳಾಯಿತು. ಹಿಮ ಬಿದ್ದ ದಾರಿಯಲ್ಲೇ ದಿನಾ ಸೈಕಲ್ ಮೇಲೆ ವಿಶ್ವವಿದ್ಯಾಲಯಕ್ಕೆ ಹೋಗುತ್ತಾನೆ. ವಿಡಿಯೊ ಕಳಿಸಿದ್ದ. ಬೆಳಿಗ್ಗೆ ಒಂಬತ್ತಾದರೂ ಕತ್ತಲು, ಹುಬ್ಬು ಮೀಸೆಗೆಲ್ಲ ಹಿಮ. ಅದನ್ನು ನೋಡಿದಾಗಿನಿಂದ ನನಗೆ ನಿದ್ದೆ ಇಲ್ಲ. ಎದೆಗೆ ಥಂಡಿ ಹತ್ತಿದರೆ? ಜಾರಿ ಬಿದ್ದರೆ? ಸೈಕಲ್ ಬಿಡು ಅಂದರೆ ನಗುತ್ತಾನೆ.
— ಒಬ್ಬ ತಾಯಿ, ಗಂಗಾವತಿ

ಉತ್ತರ: ಚಳಿಗಾಳಿ ಮಗನ ಎದೆಗಿಳಿದೀತು, ಇಲ್ಲವೇ ಅವನು ಜಾರಿ ಬಿದ್ದಾನು. ನಿಮ್ಮ ಭಯ ಇವೆರಡು. ಗಂಗಾವತಿಯಲ್ಲಿ ಹದಿನೈದು ಡಿಗ್ರಿಗೆ ಇಳಿದರೆ ನಾವು ಮಫ್ಲರ್ ಹುಡುಕುತ್ತೇವೆ. ಔಲುವಿನಲ್ಲಿ ಜನವರಿಯ ಸರಾಸರಿಯೇ ಶೂನ್ಯಕ್ಕಿಂತ 9–10 ಡಿಗ್ರಿ ಕೆಳಗೆ. ನಿದ್ದೆ ಹಾರಿದ್ದರಲ್ಲಿ ಆಶ್ಚರ್ಯವಿಲ್ಲ.

ಮೊದಲು ಸಮಾಧಾನದ ಮಾತು. ನಿಮ್ಮ ಮಗ ಆ ಊರಿನವರು ಮಾಡುವುದನ್ನೇ ಮಾಡುತ್ತಿದ್ದಾನೆ. ಚಳಿಗಾಲದ ಸೈಕಲ್ ಸವಾರಿಗೆ ಔಲು ಜಗತ್ತಿಗೇ ಹೆಸರಾದ ಊರು. ಈ ವಿಷಯದ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ 2013ರಲ್ಲಿ ನಡೆದದ್ದೂ ಅಲ್ಲೇ. ಸೈಕಲ್ಲಿಗೆಂದೇ ಮೋಟಾರು ರಸ್ತೆಯಿಂದ ಬೇರೆಯಾದ ದಾರಿಗಳು ಊರ ತುಂಬ ಇವೆ. ಮುಖ್ಯ ದಾರಿಗಳ ಹಿಮವನ್ನು ಜನ ಕೆಲಸಕ್ಕೆ ಹೊರಡುವ ಮೊದಲೇ ಯಂತ್ರದಿಂದ ಸರಿಸಿ, ಒತ್ತಿ, ಸಮ ಮಾಡಿರುತ್ತಾರೆ. ಶಾಲೆಯ ಮಕ್ಕಳೂ ಸೈಕಲ್ ಮೇಲೇ ಬರುತ್ತಾರೆ. ಜಾರಿ ಬಿದ್ದರೂ ಅವನ ಹಿಂದೆ ಬರುವುದು ಇನ್ನೊಂದು ಸೈಕಲ್, ಲಾರಿ ಅಲ್ಲ.

ಇನ್ನು ಎದೆಯ ವಿಷಯ. ನಾವು ಎಳೆದುಕೊಂಡ ಗಾಳಿ ಮೂಗು, ಗಂಟಲು ದಾಟಿ ಶ್ವಾಸಕೋಶ ಮುಟ್ಟುವಷ್ಟರಲ್ಲಿ ಬೆಚ್ಚಗಾಗಿ, ತೇವಗೊಂಡಿರುತ್ತದೆ. ಉಬ್ಬಸ ಇಲ್ಲದ ಆರೋಗ್ಯವಂತ ಹುಡುಗನಿಗೆ ಅಲ್ಲಿಯ ಸಾಮಾನ್ಯ ಚಳಿಯಿಂದ ಎದೆ ಕೆಡುವುದಿಲ್ಲ. ತೆಳು ಉಣ್ಣೆಬಟ್ಟೆಯನ್ನು ಮೂಗು ಬಾಯಿಗೆ ಸುತ್ತಿಕೊಂಡರೆ ಸಾಕು. ಮೀಸೆಯ ಮೇಲೆ ನೀವು ಕಂಡ ಹಿಮ ಅವನದೇ ಉಸಿರಿನ ತೇವ ಹೆಪ್ಪುಗಟ್ಟಿದ್ದು. ಅದರಿಂದ ತೊಂದರೆಯಿಲ್ಲ.

ಜಾರುವುದು ಹೇಗೆ ಎಂದು ತಿಳಿಯಲು ನೀವು ಫಿನ್‌ಲೆಂಡಿಗೆ ಹೋಗಬೇಕಿಲ್ಲ. ಸುಗ್ಗಿಯಲ್ಲಿ ನಮ್ಮಲ್ಲಿ ಡಾಂಬರು ರಸ್ತೆ ಮೇಲೆ ಭತ್ತ ಒಣಹಾಕುತ್ತಾರಲ್ಲ, ಅದರ ಮೇಲೆ ಸೈಕಲ್ ಹೋಗುವುದನ್ನು ನೀವು ನೋಡಿದ್ದೀರಿ. ಹ್ಯಾಂಡಲ್ ನೇರ ಹಿಡಿದು, ಬ್ರೇಕ್ ಮುಟ್ಟದೆ, ನಿಧಾನ ತುಳಿದವರು ದಾಟುತ್ತಾರೆ. ಗಾಬರಿಯಲ್ಲಿ ಮುಂದಿನ ಬ್ರೇಕ್ ಒತ್ತಿದವರು, ಥಟ್ಟನೆ ತಿರುವಿದವರು ಬೀಳುತ್ತಾರೆ. ಹಿಮದ ಮೇಲೂ ನಿಯಮ ಇದೇ. ವೇಗವನ್ನು ತಿರುವಿಗೆ ಮೊದಲೇ ಇಳಿಸಬೇಕು, ಹಿಂದಿನ ಬ್ರೇಕನ್ನೇ ಹೆಚ್ಚು ನಂಬಬೇಕು. ಸೀಟನ್ನು ಒಂದು ಬೆರಳು ತಗ್ಗಿಸಿದರೆ ಪಾದ ಬೇಗ ನೆಲಕ್ಕೆ ಸಿಗುತ್ತದೆ.

ಮಗನನ್ನು ಒಂದು ವಿಷಯ ಖಂಡಿತ ಕೇಳಿ. ಸೈಕಲ್ಲಿಗೆ ಮೊಳೆ ಟೈರ್ (ರಬ್ಬರಿನಲ್ಲಿ ನೂರಾರು ಚಿಕ್ಕ ಲೋಹದ ಮೊನೆಗಳನ್ನು ಕೂರಿಸಿದ ಟೈರ್) ಹಾಕಿಸಿದ್ದಾನೆಯೇ? ದುಡ್ಡಿನ ಅಡಚಣೆ ಇದ್ದರೆ ಮುಂದಿನ ಚಕ್ರಕ್ಕಾದರೂ ಹಾಕಿಸಲಿ. ಹಿಂದಿನದು ಜಾರಿದರೆ ಸಾವರಿಸಿಕೊಳ್ಳಬಹುದು, ಮುಂದಿನದು ಜಾರಿದರೆ ಸವಾರ ನೆಲಕ್ಕೇ. ನನ್ನ ಲೆಕ್ಕದಲ್ಲಿ ಅವನ ದಪ್ಪ ಜಾಕೆಟ್ಟಿಗಿಂತ ಈ ಟೈರೇ ಮುಖ್ಯ.

ನಿಮಗೆ ವಿಚಿತ್ರ ಅನಿಸಬಹುದಾದ ಮಾತೊಂದಿದೆ. ಮೈನಸ್ ಹದಿನೈದು ಡಿಗ್ರಿ ಎಂದು ಕೇಳಿದ ದಿನ ನೀವು ಹೆಚ್ಚು ಹೆದರುತ್ತೀರಿ. ಆದರೆ ಗಟ್ಟಿ ಚಳಿಯಲ್ಲಿ ಒತ್ತಿದ ಹಿಮ ಒಣಗಿ, ಬಿಗಿದು, ಟೈರಿಗೆ ಒಳ್ಳೆಯ ಹಿಡಿತ ಕೊಡುತ್ತದೆ. ಅಪಾಯದ ದಿನಗಳು ಶೂನ್ಯದ ಆಸುಪಾಸಿನವು. ಹಗಲು ಕರಗಿದ ನೀರು ರಾತ್ರಿ ಹೆಪ್ಪುಗಟ್ಟಿ ಕಪ್ಪು ಹಿಮ (ಕೆಳಗಿನ ಡಾಂಬರೇ ಕಾಣುವಷ್ಟು ತೆಳುವಾದ ಮಂಜುಗಡ್ಡೆಯ ಪದರ) ಆಗುತ್ತದೆ. ನೋಡಿದರೆ ಬರೀ ಒದ್ದೆ ರಸ್ತೆ ಅನಿಸುತ್ತದೆ. ಅಂಥ ದಿನ ಬಸ್ಸಿನಲ್ಲಿ ಹೋಗು ಎಂದು ಹೇಳಿ. ಅವನು ನಗಲಾರ, ಅಲ್ಲಿಯವರೂ ಅದನ್ನೇ ಹೇಳುತ್ತಾರೆ.

ಬಟ್ಟೆಯ ವಿಷಯಕ್ಕೆ ಬಂದರೆ, ನೀವು ಕಟ್ಟಿಕೊಟ್ಟ ಹತ್ತಿ ಬನಿಯನ್ನುಗಳನ್ನು ಅವನು ಮನೆಯೊಳಗೆ ಹಾಕಿಕೊಳ್ಳಲಿ. ಹತ್ತಿ ಬೆವರು ಹೀರಿ ಒದ್ದೆಯಾದರೆ ಮೈ ತಣ್ಣಗಾಗುತ್ತದೆ. ಉಣ್ಣೆ ಹಾಗಲ್ಲ. ಕುಷ್ಟಗಿ, ಯಲಬುರ್ಗಾ ಕಡೆಯ ಕುರಿಗಾಹಿಗಳು ಜಿಟಿಜಿಟಿ ಮಳೆಯಲ್ಲೂ ಕಂಬಳಿ ಹೊದ್ದು ನಿಲ್ಲುವುದು ಸುಮ್ಮನಲ್ಲ, ತೊಯ್ದ ಉಣ್ಣೆಯೂ ಬಿಸಿ ಹಿಡಿದಿಡುತ್ತದೆ. ಮೈಗೆ ತಾಗಿ ತೆಳು ಉಣ್ಣೆ, ಅದರ ಮೇಲೊಂದು ಬೆಚ್ಚನೆಯ ಪದರ, ಹೊರಗೆ ಗಾಳಿ ತಡೆಯುವ ಜಾಕೆಟ್. ಮನೆಯಿಂದ ಹೊರಬಿದ್ದಾಗ ಸ್ವಲ್ಪ ಚಳಿ ಅನಿಸಬೇಕು, ಐದು ನಿಮಿಷ ತುಳಿದರೆ ಸರಿಹೋಗುತ್ತದೆ. ಹೊರಡುವಾಗಲೇ ಬೆಚ್ಚಗಿದ್ದರೆ ದಾರಿಯಲ್ಲಿ ಬೆವರುತ್ತಾನೆ.

ಬೆರಳು, ಕಿವಿ, ಮೂಗಿನ ತುದಿಗೆ ಮಾತ್ರ ವಿಶೇಷ ಕಾಳಜಿ ಬೇಕು. ಮೈನಸ್ ಹತ್ತು ಡಿಗ್ರಿಯಲ್ಲಿ ಗಂಟೆಗೆ 20 ಕಿ.ಮೀ. ವೇಗದ ಗಾಳಿ ಮುಖಕ್ಕೆ ಹೊಡೆದರೆ ಚರ್ಮಕ್ಕೆ ಅದು ಮೈನಸ್ ಹದಿನೆಂಟರಂತೆ. ಚರ್ಮ ಬಿಳಿಚಿ, ಮುಟ್ಟಿದರೆ ಗೊತ್ತಾಗದಂತಾದರೆ ಅದು ಹಿಮಕಡಿತದ (ಚಳಿಗೆ ಚರ್ಮ ಮರಗಟ್ಟುವುದು) ಆರಂಭ. ತಿಕ್ಕಬಾರದು, ಬೆಂಕಿಗೆ ಹಿಡಿಯಬಾರದು. ಒಳಗೆ ಹೋಗಿ ಉಗುರುಬೆಚ್ಚಗಿನ ನೀರಿನಲ್ಲಿ ಇಳಿಬಿಡಬೇಕು, ಜೀವ ಬಾರದಿದ್ದರೆ ವೈದ್ಯರಿಗೆ ತೋರಿಸಬೇಕು.

ಕತ್ತಲೆಯೇ ನಿಜವಾದ ಚಿಂತೆ. ಡಿಸೆಂಬರ್ ಕೊನೆಗೆ ಔಲುವಿನಲ್ಲಿ ಹಗಲು ಸುಮಾರು ಮೂರೂವರೆ ತಾಸು ಅಷ್ಟೇ. ಕತ್ತಲಲ್ಲಿ ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ ಅಲ್ಲಿ ಕಾನೂನಿನಿಂದಲೇ ಕಡ್ಡಾಯ. ನಡೆದು ಹೋಗುವವರೂ ಕೋಟಿಗೆ ಹೊಳೆಬಿಲ್ಲೆ (ದೀಪದ ಬೆಳಕು ಬಿದ್ದರೆ ಮಿನುಗುವ ಬಿಲ್ಲೆ) ನೇತುಹಾಕಿಕೊಳ್ಳುತ್ತಾರೆ. ಚಳಿಗೆ ದೀಪದ ಬ್ಯಾಟರಿ ಬೇಗ ಇಳಿಯುತ್ತದೆ, ಆದ್ದರಿಂದ ದೀಪ ಕಳಚಿ ಮನೆಯೊಳಗಿಟ್ಟು ದಿನಾ ಚಾರ್ಜ್ ಮಾಡಲಿ. ಮುಂದಿನ ಸಲ ಫೋನಿನಲ್ಲಿ “ಸ್ವೆಟರ್ ಹಾಕಿಕೊಂಡೆಯಾ” ಎನ್ನುವ ಜೊತೆಗೆ “ದೀಪ ಹಚ್ಚಿದೆಯಾ” ಎಂದೂ ಕೇಳಿ.

ಪ್ರಶ್ನೆ: ವಯಸ್ಸು 52, ಬಿ.ಪಿ. ಇದೆ. ವೈದ್ಯರು ಸೈಕಲ್ ತುಳಿಯಲು ಹೇಳಿದ್ದಾರೆ. ನಸುಕಿನಲ್ಲಿ ಹೊಸಪೇಟೆ ರಸ್ತೆ ಹಿಡಿದು ಹೋಗುತ್ತೇನೆ. ಥಂಡಿಯಲ್ಲಿ ಹೃದಯಾಘಾತ ಹೆಚ್ಚು ಎಂದು ಕೇಳಿ ಭಯವಾಗಿದೆ.
— ಸರ್ಕಾರಿ ನೌಕರರು, ಕೊಪ್ಪಳ

ಉತ್ತರ: ನೀವು ಕೇಳಿದ್ದರಲ್ಲಿ ಸತ್ಯಾಂಶವಿದೆ. ಚಳಿಗೆ ಚರ್ಮದ ರಕ್ತನಾಳಗಳು ಕುಗ್ಗುತ್ತವೆ, ಒತ್ತಡ ಏರುತ್ತದೆ. ಆದರೆ ಅದಕ್ಕೆ ಸೈಕಲ್ ಬಿಡಬೇಕಿಲ್ಲ, ಹೊತ್ತು ಬದಲಿಸಿದರೆ ಸಾಕು. ಸೂರ್ಯ ಹುಟ್ಟಿ ಒಂದು ತಾಸಾದ ಮೇಲೆ ಹೊರಡಿ. ಮೊದಲ ಹತ್ತು ನಿಮಿಷ ಮಾತಾಡಿಕೊಂಡು ಹೋಗುವಷ್ಟೇ ನಿಧಾನ ತುಳಿಯಿರಿ. ಬಿ.ಪಿ. ಗುಳಿಗೆ ತಪ್ಪಿಸಬೇಡಿ. ಎದೆ ಬಿಗಿತ, ಎಡಗೈ ಅಥವಾ ದವಡೆಯ ನೋವು, ತಣ್ಣನೆಯ ಬೆವರು ಕಂಡರೆ ಮನೆ ಮುಟ್ಟುವ ಹಟ ಬೇಡ, ಅಲ್ಲೇ ಇಳಿದು ಕುಳಿತು 108ಕ್ಕೆ ಕರೆ ಮಾಡಿ.

ತಡವಾಗಿ ಹೊರಡಿ ಎನ್ನಲು ಇನ್ನೊಂದು ಕಾರಣವೂ ಇದೆ. ಥಂಡಿ ರಾತ್ರಿಗಳಲ್ಲಿ ತಾಪವಿಲೋಮ (ನೆಲದ ಬಳಿಯ ತಣ್ಣನೆಯ ಗಾಳಿಯ ಮೇಲೆ ಬಿಸಿಗಾಳಿ ಮುಚ್ಚಳದಂತೆ ಕೂರುವುದು) ಆಗುತ್ತದೆ. ಗಿಣಿಗೇರಾ ಕಡೆಯ ಕಾರ್ಖಾನೆಗಳ ಹೊಗೆ ಧೂಳು ಮೇಲೇರದೆ ನೆಲಮಟ್ಟದಲ್ಲೇ ನಿಲ್ಲುತ್ತದೆ. ನಸುಕಿನಲ್ಲಿ ಆ ರಸ್ತೆ ಬೇಡ. ಬಿಸಿಲೇರಿದ ಮೇಲೆ ಗವಿಮಠದ ಕಡೆಗೆ ಹೋಗಿ ಬನ್ನಿ.

ಪ್ರಶ್ನೆ: ಮಗಳು ಎಸ್ಸೆಸ್ಸೆಲ್ಸಿ. ಬೆಳಗಿನ ವಿಶೇಷ ತರಗತಿಗೆ ನಮ್ಮ ಹಳ್ಳಿಯಿಂದ ಐದು ಕಿ.ಮೀ. ಸೈಕಲ್ ಮೇಲೆ ಹೋಗುತ್ತಾಳೆ. ಶಾಲೆ ಮುಟ್ಟಿದ ಮೇಲೆ ಕೆಮ್ಮು, ಎದೆಯಲ್ಲಿ ಸುಂಯ್ ಎಂಬ ಸದ್ದು. ಡಾಕ್ಟರು ಪಂಪ್ ಬರೆದುಕೊಟ್ಟರು. ಒಮ್ಮೆ ಹಿಡಿದರೆ ಬಿಡಲಾಗದು ಎಂದು ಅವಳ ಅಜ್ಜಿ ಬೇಡ ಅನ್ನುತ್ತಾರೆ. ಶಾಲೆ ಬಿಡಿಸುವ ಮಾತೂ ಬಂದಿದೆ.
— ರೈತರು, ಯಲಬುರ್ಗಾ ತಾಲ್ಲೂಕು

ಉತ್ತರ: ಶಾಲೆ ಬಿಡಿಸಬೇಡಿ. ಇದು ಸರಿಹೋಗುವ ತೊಂದರೆ. ಎಂಟನೇ ತರಗತಿಯವರಿಗೆ ಸರ್ಕಾರ 2006–07ರಲ್ಲಿ ಉಚಿತ ಸೈಕಲ್ ಕೊಡಲು ಆರಂಭಿಸಿದ್ದೇ, ದೂರದ ಕಾರಣಕ್ಕೆ ಮಕ್ಕಳ ಓದು, ಅದರಲ್ಲೂ ಹೆಣ್ಣುಮಕ್ಕಳ ಓದು ನಿಲ್ಲಬಾರದೆಂದು. ಐದು ಕಿ.ಮೀ. ದಾಟಿ ಬೆಳಗಿನ ತರಗತಿಗೆ ಹೋಗುವ ಹುಡುಗಿ ಛಲಗಾತಿ. ಅವಳ ಸೈಕಲ್ ನಿಲ್ಲದಂತೆ ನೋಡಿಕೊಳ್ಳುವುದು ನಮ್ಮ ಕೆಲಸ.

ನೀವು ಬರೆದಿರುವುದು ಉಬ್ಬಸದ ಲಕ್ಷಣ. ಜೋರಾಗಿ ತುಳಿಯುವಾಗ ಬಾಯಿಂದ ಉಸಿರಾಡುತ್ತೇವೆ. ತಣ್ಣನೆಯ ಒಣ ಗಾಳಿ ಒಳಗೆ ಹೋಗಿ, ಸೂಕ್ಷ್ಮ ಪ್ರಕೃತಿಯವರ ಉಸಿರುನಾಳಗಳು ಬಿಗಿಯುತ್ತವೆ. ತುಳಿಯುವಾಗ ಸುಮ್ಮನಿದ್ದು, ನಿಂತ ಐದು ಹತ್ತು ನಿಮಿಷಕ್ಕೆ ಕೆಮ್ಮು ಶುರುವಾಗುವುದು ಇದರ ಗುರುತು. ನಿಮ್ಮ ಕಡೆ ಬೆಳಗಿನ ಹೊತ್ತು ನೀರೊಲೆಯ ಹೊಗೆ, ಬೆಂಕಿ ಕಾಯಿಸುವವರ ಹೊಗೆ ಓಣಿ ತುಂಬ ತಗ್ಗಿನಲ್ಲೇ ಹರಡಿರುತ್ತದೆ. ಅದೂ ಸೇರಿಕೊಳ್ಳುತ್ತದೆ.

ಅಜ್ಜಿಯ ಭಯ ಪ್ರೀತಿಯಿಂದ ಬಂದದ್ದು, ಅವರಿಗೆ ಕೂತು ತಿಳಿಸಿ ಹೇಳಿ. ಪಂಪ್ (ಔಷಧಿಯನ್ನು ಉಸಿರಿನೊಂದಿಗೆ ನೇರ ಉಸಿರುನಾಳಕ್ಕೆ ಕಳಿಸುವ ಚಿಕ್ಕ ಸಾಧನ) ಚಟ ಹಿಡಿಸುವುದಿಲ್ಲ. ಔಷಧಿ ಬೇಕಾದ ಜಾಗಕ್ಕೇ ಹೋಗುವುದರಿಂದ ಪ್ರಮಾಣ ಗುಳಿಗೆಗಿಂತ ತೀರಾ ಕಡಿಮೆ. ಕೆಲವರಿಗೆ ಹೊರಡುವ ಹತ್ತು ಹದಿನೈದು ನಿಮಿಷ ಮುಂಚೆ ಬಳಸಲು ಹೇಳುತ್ತಾರೆ, ಕೆಲವರಿಗೆ ದಿನಾ ಬಳಸುವ ಬೇರೆ ಪಂಪ್ ಕೊಡುತ್ತಾರೆ. ನಿಮ್ಮ ಮಗಳಿಗೆ ಯಾವುದು, ಎಷ್ಟು ಎಂದು ಬರೆದುಕೊಟ್ಟ ವೈದ್ಯರನ್ನೇ ಕೇಳಿ. ಎಳೆಯುವ ಕ್ರಮವನ್ನು ಅವರ ಮುಂದೆಯೇ ಮಾಡಿಸಿ ನೋಡಿ. ಪಂಪ್ ಮನೆಯ ಮಾಡದಲ್ಲಿರಬಾರದು, ಅವಳ ಚೀಲದಲ್ಲಿರಬೇಕು.

ಹತ್ತು ನಿಮಿಷ ಮೊದಲೇ ಹೊರಡಿಸಿ, ಧಾವಂತ ತಪ್ಪುತ್ತದೆ. ವೇಲನ್ನು ಮೂಗು ಬಾಯಿಗೆ ಸುತ್ತಿಕೊಳ್ಳಲಿ, ಆದರೆ ಅದರ ತುದಿಗಳನ್ನು ಹಿಂದೆ ಗಂಟು ಹಾಕಿ ಒಳಗೆ ಸೇರಿಸಬೇಕು. ಚಕ್ರಕ್ಕೆ ಸಿಕ್ಕ ವೇಲು ಕುತ್ತಿಗೆಗೆ ಬರುತ್ತದೆ. ಮಾತಾಡಲೂ ಆಗದಷ್ಟು ಉಸಿರು ಕಟ್ಟಿದರೆ, ತುಟಿ ನೀಲಿಯಾದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಶ್ನೆ: ಹಳೆಯ ಕಡ್ಡಿ ಬ್ರೇಕಿನ ಸೈಕಲ್. ಬೆಳಿಗ್ಗೆ ಹಾಲು ಹಾಕಲು ಹೋಗುವಾಗ ಬ್ರೇಕ್ ಹತ್ತುವುದೇ ಇಲ್ಲ. ಬಿಸಿಲು ಬಂದ ಮೇಲೆ ಸರಿಯಾಗುತ್ತದೆ. ಏನು ಕಾರಣ?
— ಹಾಲು ಹಾಕುವವರು, ಕುಷ್ಟಗಿ

ಉತ್ತರ: ರಾತ್ರಿಯ ಇಬ್ಬನಿ. ಒದ್ದೆಯಾದ ಉಕ್ಕಿನ ರಿಮ್ಮಿನ ಮೇಲೆ ಬ್ರೇಕ್ ರಬ್ಬರ್ ಜಾರುತ್ತದೆ. ಸೈಕಲ್ಲನ್ನು ಸೂರಿನ ಕೆಳಗೆ ನಿಲ್ಲಿಸಿ, ಹೊರಡುವ ಮುಂಚೆ ರಿಮ್ಮಿನ ಒಳಸುತ್ತನ್ನು ಒಣಬಟ್ಟೆಯಿಂದ ಒರೆಸಿ. ದಾರಿಯಲ್ಲಿ ಆಗಾಗ ಬ್ರೇಕನ್ನು ಹಗುರಾಗಿ ಒತ್ತಿ ಬಿಡಿ, ತೇವ ಉಜ್ಜಿ ಹೋಗುತ್ತದೆ. ರಬ್ಬರ್ ಹೊಳಪಾಗಿ ಗಟ್ಟಿಯಾಗಿದ್ದರೆ ಹೊಸದು ಹಾಕಿಸಿ. ಹಾಲಿನ ಕ್ಯಾನುಗಳ ಭಾರವನ್ನು ಆ ಎರಡು ಜೊತೆ ರಬ್ಬರುಗಳೇ ನಿಲ್ಲಿಸಬೇಕು, ಅಲ್ಲಿ ಉಳಿತಾಯ ಮಾಡಬೇಡಿ.

ಪ್ರಶ್ನೆ: ಕ್ಯಾಂಪಿನಿಂದ ಕಾರಟಗಿಯ ರೈಸ್ ಮಿಲ್ಲಿಗೆ ಹಮಾಲಿ ಕೆಲಸಕ್ಕೆ ಬೆಳಗಿನ ಐದಕ್ಕೇ ಸೈಕಲ್ ಮೇಲೆ ಹೋಗುತ್ತೇನೆ. ಕಾಲುವೆ ಹತ್ತಿರ ಮಂಜು ಬಿದ್ದರೆ ಮುಂದಿನ ಆಳು ಕಾಣುವುದಿಲ್ಲ. ಭತ್ತದ ಟ್ರಾಲಿಗಳಿಗೆ ಹಿಂದೆ ದೀಪವೇ ಇರುವುದಿಲ್ಲ. ಮೊನ್ನೆ ನಿಂತಿದ್ದ ಟ್ರಾಲಿಗೆ ಗುದ್ದಿ ಸ್ವಲ್ಪದರಲ್ಲಿ ಉಳಿದೆ.
— ಮಿಲ್ ಕಾರ್ಮಿಕರು

ಉತ್ತರ: ನೀವು ಉಳಿದಿದ್ದೀರಿ, ಅದು ದೊಡ್ಡದು. ನಿಮ್ಮ ಭಯ ಸರಿಯಾದ ಭಯ, ಅದನ್ನು ಬಿಡಬೇಡಿ.

ಕನ್ನಡದಲ್ಲಿ ನಾವು ಮಂಜು ಎನ್ನುವುದು ಔಲುವಿನ ಹಿಮಕ್ಕೂ ಹೌದು, ಕಾರಟಗಿಯ ಈ ಬಿಳಿ ಗೋಡೆಗೂ ಹೌದು. ಮೋಡವಿಲ್ಲದ ರಾತ್ರಿ ನೆಲದ ಬಿಸಿ ಬೇಗ ಆರಿಹೋಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಗದ್ದೆಗಳ ತೇವ ಗಾಳಿಯಲ್ಲಿ ಇದ್ದೇ ಇರುತ್ತದೆ. ಆ ತೇವ ತಣಿದು ಸಣ್ಣ ಹನಿಗಳಾಗಿ ನೆಲಕ್ಕೆ ಅಂಟಿ ನಿಲ್ಲುತ್ತದೆ. ಬಿಸಿಲು ತಾಗಿದರೆ ಕರಗುತ್ತದೆ, ಆದರೆ ನಿಮ್ಮ ಪಾಳಿ ಅಷ್ಟು ಹೊತ್ತು ಕಾಯುವುದಿಲ್ಲ.

ಗಂಗಾವತಿಯ ತಾಯಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ: ಥಂಡಿಗಿಂತ, ಕಾಣದಿರುವುದೇ ಹೆಚ್ಚು ಅಪಾಯ. ಡೈನಮೊ ದೀಪ ಸೈಕಲ್ ನಿಂತೊಡನೆ ಆರುತ್ತದೆ. ಹಿಂದಕ್ಕೆ ಬ್ಯಾಟರಿಯ ಕೆಂಪು ದೀಪವೊಂದು ಬೇಕೇಬೇಕು. ಲಾರಿಗಳ ಹಿಂಬದಿಗೆ ಅಂಟಿಸುವ ಕೆಂಪು ಹೊಳೆಪಟ್ಟಿ ಬಿಡಿಭಾಗಗಳ ಅಂಗಡಿಯಲ್ಲಿ ಸಿಗುತ್ತದೆ. ಒಂದು ಗೇಣು ಪಟ್ಟಿಯನ್ನು ಹಿಂದಿನ ಮಡ್‌ಗಾರ್ಡಿಗೆ ಅಂಟಿಸಿ, ಎರಡೂ ಪೆಡಲ್ಲುಗಳಿಗೂ ಚೂರು ಅಂಟಿಸಿ. ಮೇಲೆ ಕೆಳಗೆ ಆಡುವ ಹೊಳಪು ಹಿಂದೆ ಬರುವವರ ಕಣ್ಣಿಗೆ ಬೇಗ ಬೀಳುತ್ತದೆ. ಮುಂದಿನ ದೀಪ ನೆಲಕ್ಕೆ ಬಾಗಿರಲಿ, ನೇರ ಬಿಟ್ಟರೆ ಮಂಜಿಗೇ ಬಡಿದು ಕಣ್ಣಿಗೆ ವಾಪಸ್ ಬರುತ್ತದೆ.

ಕಂಬಳಿ, ಮಫ್ಲರ್ ಬೇಕು, ನಿಜ. ಆದರೆ ಕಿವಿ ಪೂರ್ತಿ ಮುಚ್ಚಿಕೊಳ್ಳಬೇಡಿ. ಕಣ್ಣು ಸೋತಲ್ಲಿ ಟ್ರಾಕ್ಟರಿನ ಸದ್ದೇ ನಿಮಗೆ ದಾರಿ. ನಿಂತ ಟ್ರಾಲಿಗೆ ಸದ್ದೂ ಇಲ್ಲ. ಆದ್ದರಿಂದ ನಾಲ್ಕು ಮಾರು ಮುಂದೆ ಕಾಣದಷ್ಟು ಮಂಜಿದ್ದರೆ ಇಳಿದು ರಸ್ತೆ ಅಂಚಿನಲ್ಲಿ ಸೈಕಲ್ ತಳ್ಳಿಕೊಂಡು ನಡೆಯಿರಿ. ಸಾಧ್ಯವಾದರೆ ಕ್ಯಾಂಪಿನ ನಾಲ್ಕೈದು ಜನ ಒಟ್ಟಿಗೆ ಹೊರಡಿ, ಹಿಂದಿನವರ ಸೈಕಲ್ಲಿಗೆ ಒಳ್ಳೆಯ ದೀಪ ಇರಲಿ. ತಡವಾದರೆ ಅರ್ಧ ತಾಸಿನ ಕೂಲಿ ಹೋದೀತೆಂಬ ಸಂಕಟ ನನಗೆ ಗೊತ್ತು. ಮಿಲ್ಲಿನವರಿಗೆ ಎಲ್ಲರೂ ಸೇರಿ ಹೇಳಿ, ಮಂಜಿನ ದಿನ ಪಾಳಿ ಆರೂವರೆಗೆ ಆರಂಭವಾಗಲಿ ಎಂದು.

ಭತ್ತ ಸಾಗಿಸುವ ಟ್ರಾಕ್ಟರ್ ಮಾಲೀಕರು ಇದನ್ನು ಓದುತ್ತಿದ್ದರೆ ನಿಮ್ಮಲ್ಲಿ ನನ್ನ ವಿನಂತಿ. ಟ್ರಾಲಿಯ ಹಿಂಬದಿಗೆ ಕೆಂಪು ಹೊಳೆಪಟ್ಟಿ ಇವತ್ತೇ ಅಂಟಿಸಿ. ತಾಡಪತ್ರಿ ಅದನ್ನು ಮುಚ್ಚದಂತೆ ಕಟ್ಟಿಸಿ. ಟ್ರಾಲಿ ಕೆಟ್ಟು ನಿಂತರೆ ರಸ್ತೆಯಿಂದ ಕೆಳಗಿಳಿಸಿ, ಆಗದಿದ್ದರೆ ಒಬ್ಬರನ್ನು ಟಾರ್ಚ್ ಕೊಟ್ಟು ಹಿಂದೆ ನಿಲ್ಲಿಸಿ. ಬೆಳಗಿನ ಐದಕ್ಕೆ ಆ ಮಂಜಿನೊಳಗೆ ಸೈಕಲ್ ಮೇಲೆ ಬರುತ್ತಿರುವವರು ನಿಮ್ಮದೇ ಭತ್ತದ ಚೀಲ ಹೊರುವವರು.